ಬೆಳಿಗ್ಗೆ 7ಕ್ಕೆ ಕಟ್ಟಿದ ಡಬ್ಬಿ, ಮಧ್ಯಾಹ್ನ 12:40ಕ್ಕೆ ಊಟ: ಅನುಕೂಲ ಎಷ್ಟು, ಸತ್ವ ಎಷ್ಟು?

ಬುತ್ತಿಚೀಲ (ಮೈಸೂರು)

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಮೊದಲೇ ಲೆಕ್ಕ ಕೊಟ್ಟುಬಿಡ್ತೀನಿ. ವ್ಯಾನು 7:30ಕ್ಕೆ. ಹತ್ತೂಕಾಲಿಗೆ ಸಣ್ಣ ಬಿಡುವು, 12:40ಕ್ಕೆ ಊಟ. ಊಟಕ್ಕೆ ಕೈ ತೊಳೆಯೋದೂ ಸೇರಿ 25 ನಿಮಿಷ. ಮಕ್ಕಳು ಒಂದನೇ ಕ್ಲಾಸು ಮತ್ತು ನಾಲ್ಕನೇ ಕ್ಲಾಸು. ಅಡುಗೆಮನೆಯಲ್ಲಿ ಸಿಗೋದು ಅರ್ಧ ಗಂಟೆ, ಅದರಲ್ಲೇ ದೊಡ್ಡವರ ತಿಂಡಿಯೂ ಮುಗೀಬೇಕು. ವಾರದ ಪಟ್ಟಿ ಸುಮಾರು ಮನೆಗಳಲ್ಲಿ ಇದೇ: ಚಿತ್ರಾನ್ನ, ಟೊಮೇಟೊ ಬಾತು, ಪುಳಿಯೋಗರೆ, ಪಲಾವು, ಶುಕ್ರವಾರ ನೂಡಲ್ಸು. ಸಣ್ಣ ಡಬ್ಬಿಗೆ ಕ್ರೀಮ್ ಬಿಸ್ಕತ್ತು.

"ಪೌಷ್ಟಿಕ ಆಹಾರ ಕೊಡಿ" ಅನ್ನೋ ಉಪದೇಶ ಸಾಕಷ್ಟು ಸಿಕ್ಕಿದೆ. ಈ ಪಟ್ಟಿಯಲ್ಲಿ ನಿಜಕ್ಕೂ ಏನು ಕಮ್ಮಿ, ಸಮಯ ಹೆಚ್ಚು ತಗೊಳ್ಳದೆ ಅದನ್ನ ಹೇಗೆ ತುಂಬೋದು? ಬಲ್ಲವರು ಅಳತೆ ಸಮೇತ ಹೇಳಿ.

ಕಾಳುಕಡಿ

ಅಳೆಯೋಕೆ ಒಂದು ಕೋಲು ಬೇಕಲ್ಲ, ಸರ್ಕಾರಿ ಶಾಲೆಯ ಬಿಸಿಯೂಟದ ಅಳತೆಯನ್ನೇ ಇಟ್ಟುಕೊಳ್ಳೋಣ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಊಟಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಗುರಿ 450 ಕಿಲೋಕ್ಯಾಲರಿ, 12 ಗ್ರಾಂ ಪ್ರೊಟೀನು. ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. 700 ಕಿಲೋಕ್ಯಾಲರಿ, 20 ಗ್ರಾಂ ಪ್ರೊಟೀನು. ನಮ್ಮಲ್ಲಿ ಇದರ ಜೊತೆಗೆ ಕ್ಷೀರಭಾಗ್ಯದ 150 ಮಿ.ಲೀ. ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಬೇರೆ.

ಈಗ ಚಿತ್ರಾನ್ನದ ಡಬ್ಬಿ ತೆಗೀರಿ. ನಾಲ್ಕನೇ ಕ್ಲಾಸಿನ ಮಗು ತಿನ್ನೋದು ಹೆಚ್ಚೆಂದರೆ 60 ಗ್ರಾಂ ಅಕ್ಕಿಯ ಅನ್ನ. ಅದರಲ್ಲಿ ಪ್ರೊಟೀನು 4.5 ಗ್ರಾಂ. ಒಗ್ಗರಣೆಯ ಕಡಲೆಬೇಳೆ ಒಂದು ಟೀ ಚಮಚ, ಹತ್ತಿರಹತ್ತಿರ 1 ಗ್ರಾಂ. ಕಡಲೆಕಾಯಿಬೀಜ 10 ಗ್ರಾಂ ಇದ್ದರೆ 2.5 ಗ್ರಾಂ. ಒಟ್ಟು 8. ಎಣ್ಣೆ ಎರಡು ಟೀ ಚಮಚ ಸೇರಿಸಿದರೂ 370 ಕಿಲೋಕ್ಯಾಲರಿ ಆಸುಪಾಸು. ತರಕಾರಿ ಅಂದರೆ ಕರಿಬೇವು! ಅಂದರೆ ಫೀಸು ಕಟ್ಟೋ ಶಾಲೆಯ ಡಬ್ಬಿ ಪ್ರೊಟೀನಿನಲ್ಲಿ ಬಿಸಿಯೂಟದ ತಟ್ಟೆಗಿಂತ ಮೂರನೇ ಒಂದು ಪಾಲು ಹಿಂದೆ.

ಇದೇ ಡಬ್ಬಿಗೆ 20 ಗ್ರಾಂ ಒಣ ಕಡಲೆಕಾಳನ್ನ ಬೇಯಿಸಿ ಸೇರಿಸಿ. ನೆನೆದು ಬೆಂದ ಮೇಲೆ ಒಂದು ಹಿಡಿ ಆಗುತ್ತೆ, 45 ಗ್ರಾಂ ಹತ್ತಿರ. ಪ್ರೊಟೀನು 12 ಮುಟ್ಟಿತು, ಕ್ಯಾಲರಿ 430 ದಾಟಿತು. ಪ್ರೊಟೀನು ಕಟ್ಟೋ ಅಂಶಗಳಲ್ಲಿ ಅಕ್ಕಿಯಲ್ಲಿ ಕಮ್ಮಿ ಇರೋ ಲೈಸೀನು ಕಾಳಲ್ಲಿದೆ, ಕಾಳಲ್ಲಿ ಕಮ್ಮಿ ಇರೋ ಮಿಥಿಯೋನಿನು ಅಕ್ಕಿಯಲ್ಲಿದೆ, ಹಾಗಾಗಿ ಒಂದೇ ಡಬ್ಬಿಯಲ್ಲಿ ಎರಡೂ ಇದ್ದರೆ ಲಾಭ ಹೆಚ್ಚು. ಬಾತನ್ನ ಬಿಡೋ ಅಗತ್ಯವೇ ಇಲ್ಲ, ಬಾತಿಗೆ ಕಾಳು ಬೀಳಲಿ. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಒಗ್ಗರಣೆ ಸೌಟು

ಕಾಳುಕಡಿಯವರ ಲೆಕ್ಕ ಸರಿ, ಆದರೆ ಬೆಳಿಗ್ಗೆ ಕಾಳು ಬೇಯಿಸ್ತಾ ಕೂರೋರು ಯಾರು? ಭಾನುವಾರವೇ ಮುಗಿಸಿ. ಕಡಲೆಕಾಳು ಅಥವಾ ಅಲಸಂದೆ ಒಂದು ಕಪ್ಪು, ಸುಮಾರು 200 ಗ್ರಾಂ. ಕಡಲೆಕಾಳಾದರೆ ರಾತ್ರಿಯಿಡೀ ನೆನೀಬೇಕು, 5 ವಿಸಲ್. ಅಲಸಂದೆಗೆ 4 ಗಂಟೆ ನೆನೆದರೆ ಸಾಕು, 2 ವಿಸಲ್. ಅರ್ಧ ಟೀ ಚಮಚ ಉಪ್ಪು ಬೇಯುವಾಗಲೇ ಹಾಕಿ, ಇಲ್ಲದಿದ್ದರೆ ಬಾತಿನಲ್ಲಿ ಕಾಳು ಸಪ್ಪೆ ಸಪ್ಪೆ, ಮಗು ಒಂದೊಂದೇ ಆರಿಸಿ ಮುಚ್ಚಳದಲ್ಲಿ ಇಡುತ್ತೆ. ನೀರು ಬಸಿದು, ಪೂರ್ತಿ ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ನೀರಲ್ಲೇ ಬಿಟ್ಟರೆ ಮೂರನೇ ದಿನಕ್ಕೆ ಲೋಳೆ. ಬಸಿದಿಟ್ಟಿದ್ದು ಬುಧವಾರದ ತನಕ ಬರುತ್ತೆ. ಗುರುವಾರ, ಶುಕ್ರವಾರಕ್ಕೆ ಬೇಕಾದ್ದನ್ನ ಫ್ರೀಜರಿಗೆ ಹಾಕಿ, ಬೆಳಿಗ್ಗೆ ಒಗ್ಗರಣೆಗೆ ಹಾಗೇ ಸುರಿದರೆ ಎರಡು ನಿಮಿಷದಲ್ಲಿ ಬಿಸಿ.

ಡಬ್ಬಿಯ ಚಿತ್ರಾನ್ನ ಕೆಡೋದು ಎರಡು ಕಡೆ. ಮೊದಲನೇದು ಅನ್ನ. ಸೋನಾಮಸೂರಿಗೆ ದಿನಾ ಇಡೋ ನೀರು ಇಟ್ಟರೆ ಮಧ್ಯಾಹ್ನಕ್ಕೆ ಮುದ್ದೆ. ಒಂದಕ್ಕೆ ಎರಡೇ ನೀರು, ವಿಸಲ್ ಇಳಿದ ತಕ್ಷಣ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ, ಹತ್ತು ನಿಮಿಷ ಆರಲಿ. ಎರಡನೇದು ನಿಂಬೆ. ಒಲೆ ಆರಿಸಿ, ಬಾಣಲೆ ಕೆಳಗಿಳಿಸಿದ ಮೇಲೆ ಹಿಂಡಿ. ಉರಿ ಮೇಲೆ ಹಿಂಡಿದರೆ ಕಹಿ. ಕಹಿ ಚಿತ್ರಾನ್ನ ವಾಪಸ್ ಬಂದಾಗ ಬೈಸಿಕೊಳ್ಳೋದು ಮಗು.

ಅಂದಹಾಗೆ ಬಾತುಗಳಲ್ಲಿ ರಾಜ ಬಿಸಿಬೇಳೆಬಾತೇ. ಅಕ್ಕಿ ಒಂದು ಕಪ್ಪಿಗೆ ತೊಗರಿಬೇಳೆ ಮುಕ್ಕಾಲು ಕಪ್ಪು, ತರಕಾರಿ ಎರಡು ಕಪ್ಪು, ಎಲ್ಲಾ ಒಂದೇ ಕುಕ್ಕರಿಗೆ. ಲೆಕ್ಕ ನೋಡೋ ಕೆಲಸವೇ ಇಲ್ಲ. ಆರಿದ ಹಾಗೆ ಗಟ್ಟಿಯಾಗುತ್ತೆ, ಡಬ್ಬಿಗೆ ಹಾಕೋ ಮುಂಚೆ ಅರ್ಧ ಕಪ್ಪು ಕುದಿಯೋ ನೀರು ಸೇರಿಸಿ ಸಡಿಲ ಮಾಡಿ.

ಕಡಕ್ ರೊಟ್ಟಿ (ಧಾರವಾಡ)

ಅನ್ನದ ಮ್ಯಾಲ ಇಷ್ಟ ಚರ್ಚಾ ಆತು, ರೊಟ್ಟಿ-ಚಪಾತಿ ಮಂದಿನೂ ಇದ್ದೀವ್ರಿ.

ಚಪಾತಿ ಮಧ್ಯಾಹ್ನಕ್ಕ ಚರ್ಮದಂಗ ಆಗೂದು ಯಾಕಂದ್ರ, ಹಿಟ್ಟು ಗಟ್ಟಿ ನಾದಿರ್ತಾರ, ಇಲ್ಲಾ ಸಣ್ಣ ಉರಿ ಮ್ಯಾಲ ಬಾಳೊತ್ತು ಸುಟ್ಟಿರ್ತಾರ. ಎರಡು ಕಪ್ ಹಿಟ್ಟಿಗೆ 150 ಎಮ್ಮೆಲ್ ಉಗುರುಬೆಚ್ಚಗಿನ ನೀರು, ಎರಡು ಚಮಚ ಎಣ್ಣಿ, ಅರ್ಧ ತಾಸು ಮುಚ್ಚಿ ಇಡ್ರಿ. ಹಂಚು ಚೊಲೋ ಕಾಯಲಿ, ಒಂದು ಚಪಾತಿ ಒಂದು ನಿಮಿಷದಾಗ ಇಳೀಬೇಕು. ರಾತ್ರಿ ನಾದಿ ಫ್ರಿಜ್ಜಿನ್ಯಾಗ ಇಟ್ಟ ಹಿಟ್ಟು ಮುಂಜಾನೆ ಮ್ಯಾಲ ಕಪ್ಪಾಗಿರ್ತದ, ಅದಕ್ಕ ಗಾಳಿ ತಾಕಿದ್ದು ಅಷ್ಟ. ಮ್ಯಾಲ ಎಣ್ಣಿ ಸವರಿ ಇಟ್ರ ಅದೂ ಆಗೂದಿಲ್ಲ.

ಒದ್ದಿ ಆಗೂದು ಬ್ಯಾರೆ ರೋಗ. ಬಿಸಿ ಚಪಾತಿ ಸೀದಾ ಡಬ್ಬಿಗೆ ಹಾಕಿದ್ರ ಹಬೆ ಮುಚ್ಚಳಕ್ಕ ನೀರಾಗಿ ಮ್ಯಾಲ ತೊಟ್ಟಿಕ್ಕತದ. ಬಿದಿರಿನ ಬುಟ್ಟ್ಯಾಗ ಎರಡು ನಿಮಿಷ ಆರಿಸಿ, ತೆಳ್ಳನ ಹತ್ತಿ ಅರಿವ್ಯಾಗ ಸುತ್ತಿ ಇಡ್ರಿ. ಫಾಯಿಲ್‌ನ್ಯಾಗ ಸುತ್ತಿದ್ರ ನೀರು ಹೀರೂದಿಲ್ಲ.

ಜ್ವಾಳದ ರೊಟ್ಟಿ ಆರಿದ ಮ್ಯಾಲ ಮಕ್ಕಳ ಹಲ್ಲಿಗೆ ಬಗ್ಗೂದಿಲ್ಲ, ಖರೆ. ಅದಕ್ಕ ಮುಟಗಿ ಮಾಡ್ರಿ. ಹಂಚಿನ ಮ್ಯಾಲಿಂದ ಇಳಿದ ಬಿಸಿ ರೊಟ್ಟಿ, ಎರಡು ಎಸಳು ಬಳ್ಳೊಳ್ಳಿ, ಜೀರಗಿ, ಉಪ್ಪು, ಒಂದು ಚಮಚ ತುಪ್ಪ, ಕುಟ್ಟಿ ಮುಷ್ಟಿಯೊಳಗ ಹಿಡದು ಉಂಡಿ ಕಟ್ಟೂದು. ಮೆಣಸಿನಕಾಯಿ ದೊಡ್ಡವರ ಪಾಲಿಗೆ. ಬಿಸಿ ಇದ್ದಾಗ ಕುಟ್ಟಬೇಕು, ಆರಿದ್ರ ಉಂಡಿ ಕಟ್ಟಂಗಿಲ್ಲ, ಪುಡಿ ಉದುರತದ. ಜೋಡಿ ಮಡಕಿಕಾಳಿನ ಉಸಳಿ, ಚಪಾತಿಗಾದ್ರ ಶೇಂಗಾ ಹಿಂಡಿ ಮೊಸರು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಒಮ್ಮೆ ಕುಟ್ಟಿಟ್ರ ತಿಂಗಳು ನಡೀತದ. ಇದಕ್ಕಿಂತ ಅನುಕೂಲ ಯಾವ ಪ್ಯಾಕೆಟಿನ್ಯಾಗ ಅದ, ಹೇಳ್ರಿ ನೋಡೋಣು.

ಗಡಿಯಾರ ಮುಳ್ಳು

ಎಲ್ಲರೂ ಭಾನುವಾರ ಕೂತು ನೆನೆಸಿ, ಕುಟ್ಟಿ, ಬಸಿಯೋಕೆ ಹೇಳ್ತಿದ್ದೀರಿ. ಭಾನುವಾರವೂ ಕೆಲಸಕ್ಕೆ ಹೋಗೋ ಮನೆಗಳಿವೆ. ಅಂಗಡಿಯಿಂದ ತಂದಿದ್ದೆಲ್ಲಾ ವಿಷ ಅನ್ನೋ ಧಾಟಿಯೂ ಸರಿಯಲ್ಲ. ಹುರಿಗಡಲೆ ಅಂಗಡಿಯದ್ದೇ. 30 ಗ್ರಾಂ ಹುರಿಗಡಲೆಯಲ್ಲಿ ಒಂದು ಮೊಟ್ಟೆಯಷ್ಟು, ಅಂದರೆ 6 ಗ್ರಾಂ ಪ್ರೊಟೀನಿದೆ. ಅದಕ್ಕೆ ಒಂದು ಚೂರು ಬೆಲ್ಲ, ಒಂದು ಹೋಳು ಕೊಬ್ಬರಿ, ಸಣ್ಣ ಡಬ್ಬಿ ಅರ್ಧ ನಿಮಿಷದಲ್ಲಿ ಮುಗೀತು. ಪುರಿಉಂಡೆ, ಕಡಲೆಕಾಯಿ ಚಿಕ್ಕಿ, ಏಲಕ್ಕಿ ಬಾಳೆ, ಯಾವುದಕ್ಕೂ ಒಲೆ ಹಚ್ಚಬೇಕಿಲ್ಲ. ಅಂಗಡಿಯ ದೋಸೆಹಿಟ್ಟು ತಂದರೆ ಮೊದಲ ದಿನ ಇಡ್ಲಿ, ಎರಡನೇ ದಿನ ದೋಸೆ, ಮೂರನೇ ದಿನ ಹುಳಿ ಬಂದಾಗ ಈರುಳ್ಳಿ, ಕ್ಯಾರೆಟ್ ತುರಿ ಹಾಕಿ ಪಡ್ಡು. ಒಂದು ಕಪ್ಪು ಹಿಟ್ಟಿಗೆ ಎರಡು ಟೇಬಲ್ ಚಮಚ ರಾಗಿಹಿಟ್ಟು ಕಲಸಿದರೆ ಯಾರಿಗೂ ಗೊತ್ತಾಗಲ್ಲ. ಮೂರು ಚಮಚ ಹಾಕಿದರೆ ಇಡ್ಲಿ ಉಬ್ಬೋದು ಕಮ್ಮಿ ಆಗುತ್ತೆ, ದೋಸೆಗೆ ತೊಂದರೆ ಇಲ್ಲ.

ಬ್ರೆಡ್ಡೂ ತಪ್ಪಲ್ಲ. ಗೋಧಿ ಬ್ರೆಡ್ಡಿನ ನಡುವೆ ಆಲೂಗಡ್ಡೆ ಪಲ್ಯ ಇಟ್ಟರೆ ಏನು ಕೊರತೆ?

ಲೇಬಲ್ ಓದುಗ

ಹುರಿಗಡಲೆ ಮಾತು ಒಪ್ಪಿದೆ. ಬ್ರೆಡ್ಡಿನ ಹತ್ತಿರ ಸ್ವಲ್ಪ ನಿಲ್ಲಿ. ಪ್ಯಾಕೆಟ್ಟಿನ ಹಿಂದೆ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರುತ್ತವೆ. ಮುಂದೆ ದೊಡ್ಡದಾಗಿ "ಗೋಧಿ" ಅಂತಿದ್ದು, ಹಿಂದೆ ಮೊದಲ ಹೆಸರು "ಸಂಸ್ಕರಿಸಿದ ಗೋಧಿಹಿಟ್ಟು" ಅಂತಿದ್ದರೆ ಅದು ಮೈದಾ. ಕಂದು ಬಣ್ಣವನ್ನ ನಂಬಬೇಡಿ, ಕ್ಯಾರಮೆಲ್ ಬಣ್ಣ ಹಾಕಿದರೂ ಕಂದೇ. ಮೊದಲ ಹೆಸರೇ ಇಡೀ ಗೋಧಿಹಿಟ್ಟಾಗಿದ್ದು, ಪಕ್ಕದಲ್ಲಿ ಶೇಕಡಾವಾರು ಬರೆದಿದ್ದರೆ ತಗೊಳ್ಳಿ.

ನೂಡಲ್ಸಿನಲ್ಲಿ ನೋಡಬೇಕಾದ್ದು ಸೋಡಿಯಂ. ಎಷ್ಟು ಮಿಲಿಗ್ರಾಂ ಇದೆಯೋ ಅದನ್ನ ಎರಡೂವರೆಯಿಂದ ಗುಣಿಸಿದರೆ ಉಪ್ಪು. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ, ಮಕ್ಕಳಿಗೆ ಇನ್ನೂ ಕಮ್ಮಿ. ಅಂಕಿ ಇರೋದು 100 ಗ್ರಾಂಗೋ, ಒಂದು ಸರ್ವಿಂಗಿಗೋ ಅಂತ ನೋಡಿಕೊಳ್ಳಿ, ಅಲ್ಲೇ ಬಹಳ ಜನ ಮೋಸ ಹೋಗೋದು. ಶುಕ್ರವಾರದ ನೂಡಲ್ಸು ಬಿಡೋಕೆ ಆಗದಿದ್ದರೆ ಮಸಾಲೆ ಪೊಟ್ಟಣ ಅರ್ಧ ಹಾಕಿ, ಉಪ್ಪೆಲ್ಲಾ ಹೆಚ್ಚಾಗಿ ಅದರಲ್ಲೇ ಇರೋದು. ಬಟಾಣಿ, ಕ್ಯಾರೆಟ್, ಒಂದು ಮೊಟ್ಟೆ ಸೇರಿಸಿ. ಅಥವಾ ನೂಡಲ್ಸಿನ ಬದಲು ಶಾವಿಗೆ, ಮಾಡೋಕೆ ಹಿಡಿಯೋ ಹೊತ್ತು ಹೆಚ್ಚೂಕಮ್ಮಿ ಅಷ್ಟೇ.

ರಟ್ಟಿನ ಪೊಟ್ಟಣದ "ಹಣ್ಣಿನ ಪಾನೀಯ"ಕ್ಕೆ ಹಣ್ಣಿನ ರಸ ಶೇ. 10 ಇದ್ದರೂ ಆ ಹೆಸರು ಸಿಗುತ್ತೆ. 100 ಮಿ.ಲೀ.ಗೆ 12 ಗ್ರಾಂ ಸಕ್ಕರೆ ಅಂತಿದ್ದರೆ 200 ಮಿ.ಲೀ. ಪೊಟ್ಟಣಕ್ಕೆ 24 ಗ್ರಾಂ, ಆರು ಟೀ ಚಮಚ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 1700 ಕಿಲೋಕ್ಯಾಲರಿ ಅಂತ ಹಿಡಿದರೆ, ಅದರ ಹತ್ತನೇ ಒಂದು ಪಾಲು ಮೀರಿ ಸಕ್ಕರೆ ಬೇಡ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಂದರೆ 42 ಗ್ರಾಂ. ಅರ್ಧಕ್ಕಿಂತ ಹೆಚ್ಚು ಒಂದೇ ಪೊಟ್ಟಣದಲ್ಲಿ ಹೋಯ್ತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರೋ ತಿನಿಸನ್ನ ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಸುತ್ತ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಮನೆಯಿಂದ ಬರೋ ಡಬ್ಬಿಗೆ ಆ ಗೇಟು ಇಲ್ಲ, ಅಷ್ಟೇ.

ತಣ್ಣನೆ ತಲೆ

ಸತ್ವ, ಅನುಕೂಲ ಎರಡಕ್ಕಿಂತ ಮೊದಲು ಒಂದು ಮಾತು: ಡಬ್ಬಿ ಐದೂವರೆ ಗಂಟೆ ಚೀಲದಲ್ಲಿರುತ್ತೆ. ಕಲಬುರಗಿ, ರಾಯಚೂರಿನ ಮಾರ್ಚ್ ತಿಂಗಳಲ್ಲಿ ಆ ಚೀಲದ ಒಳಗೆ ಏನಾಗುತ್ತೆ ಯೋಚಿಸಿ.

ರಾತ್ರಿ ಉಳಿದ ಅನ್ನದ ಚಿತ್ರಾನ್ನ ನಮ್ಮ ಮನೆಮನೆಯ ಪದ್ಧತಿ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯದ ಬೀಜಕಣಗಳು ಕುದಿಸಿದರೂ ಸಾಯಲ್ಲ. ಪಾತ್ರೆಯಲ್ಲೇ ರಾತ್ರಿಯಿಡೀ ಹೊರಗಿಟ್ಟರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಬೆಳಿಗ್ಗೆ ಬಿಸಿ ಮಾಡಿದರೆ ಹೋಗಲ್ಲ. ದೊಡ್ಡವರು ಬೆಳಿಗ್ಗೆ ಎಂಟಕ್ಕೇ ತಿಂದು ಮುಗಿಸ್ತಾರೆ, ಡಬ್ಬಿಯದ್ದು ಇನ್ನೂ ಐದು ಗಂಟೆ ಕಾಯುತ್ತೆ. ಉಳಿದನ್ನ ಬಳಸೋದಾದರೆ ರಾತ್ರಿ ಊಟ ಆದ ಒಂದು ಗಂಟೆಯೊಳಗೆ ಅಗಲದ ಪಾತ್ರೆಗೆ ಹರಡಿ ಫ್ರಿಜ್ಜಿಗೆ, ಬೆಳಿಗ್ಗೆ ಹಬೆ ಏಳೋ ತನಕ ಬಿಸಿ. ಪುಳಿಯೋಗರೆ ಇದ್ದುದರಲ್ಲಿ ವಾಸಿ: ಹುಣಸೆಯ ಹುಳಿ, ಎಣ್ಣೆ, ನೀರಿನಂಶ ಕಮ್ಮಿ. ಯಾತ್ರೆಗೆ ಅದನ್ನೇ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಹಸಿ ತೆಂಗಿನಕಾಯಿ ಎಲ್ಲಕ್ಕಿಂತ ಮೊದಲು ಕೆಡುತ್ತೆ. ಬೇಸಿಗೆಯಲ್ಲಿ ಡಬ್ಬಿಗೆ ಕಾಯಿಚಟ್ನಿ ಬೇಡವೇ ಬೇಡ, ಹುರಿಗಡಲೆ-ಕೊಬ್ಬರಿ ಚಟ್ನಿಪುಡಿಗೆ ಎಣ್ಣೆ ಕಲಸಿ. ಪಲ್ಯಕ್ಕೆ ಕಾಯಿ ಹಾಕಲೇಬೇಕಿದ್ದರೆ ಒಗ್ಗರಣೆಯಲ್ಲೇ ಪಸೆ ಆರೋ ತನಕ ಹುರಿಯಿರಿ. ಬೇಯಿಸಿದ ಮೊಟ್ಟೆ, ಪನೀರು ಮಧ್ಯಾಹ್ನದ ಡಬ್ಬಿಗೆ ಬೇಡ, ಹತ್ತೂಕಾಲಿನ ಡಬ್ಬಿಗೆ ಹಾಕಿ. ಆ ಡಬ್ಬಿಯ ಪಕ್ಕ ಫ್ರೀಜರಿನ ಸಣ್ಣ ಐಸ್‌ಪ್ಯಾಕು ಇಟ್ಟರೆ ಇನ್ನೂ ನಿಶ್ಚಿಂತೆ.

ಮೊಸರನ್ನಕ್ಕೆ ಮೊಸರು ಸುರಿಯೋದೇ ತಪ್ಪು. ಹಿಸುಕಿದ ಅನ್ನ ಒಂದು ಕಪ್ಪು, ಕಾಯಿಸಿ ಉಗುರುಬೆಚ್ಚಗಾದ ಹಾಲು ಮುಕ್ಕಾಲು ಕಪ್ಪು, ಮೊಸರು ಒಂದೇ ಟೀ ಚಮಚ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತೆ. ಅನ್ನ ಮುಟ್ಟಿದರೆ ಸುಡೋ ಹಾಗಿದ್ದಾಗ ಮೊಸರು ಹಾಕಿದರೆ ಹೆಪ್ಪು ಸಾಯುತ್ತೆ, ಮಧ್ಯಾಹ್ನ ಮಗುವಿಗೆ ಸಿಗೋದು ಹಾಲನ್ನ.

ಡಬ್ಬಿ ಮುಚ್ಚಳ

ಒಳಗಿನದ್ದು ಎಷ್ಟೇ ಚೆನ್ನಾಗಿರಲಿ, ಮುಚ್ಚಳ ತೆಗೆಯೋಕೆ ಬರದಿದ್ದರೆ ಊಟವೇ ಇಲ್ಲ. ಬಿಸಿ ಅನ್ನ ತುಂಬಿ ತಕ್ಷಣ ಗ್ಯಾಸ್ಕೆಟ್ಟಿನ ಮುಚ್ಚಳ ಒತ್ತಿದರೆ, ಆರಿದಾಗ ಒಳಗಿನ ಗಾಳಿ, ಹಬೆ ಕುಗ್ಗಿ ಮುಚ್ಚಳವನ್ನ ಒಳಕ್ಕೆ ಎಳೆದು ಹಿಡಿಯುತ್ತೆ. ಆರು ವರ್ಷದ ಕೈಗೆ ಅದು ಬಗ್ಗಲ್ಲ. ಐದು ನಿಮಿಷ ಆರಿಸಿ ಮುಚ್ಚಿ. ಹೊಸ ಡಬ್ಬಿ ತಂದಾಗ ಒದ್ದೆ ಕೈಯಲ್ಲಿ ಮಗುವಿನಿಂದಲೇ ಮೂರು ಸಲ ತೆಗೆಸಿ ನೋಡಿ.

ಸೋರೋ ಡಬ್ಬಿಯಲ್ಲಿ ಹತ್ತಕ್ಕೆ ಎಂಟು ಸಲ ತಪ್ಪು ಗ್ಯಾಸ್ಕೆಟ್ಟಿನದು. ತೊಳೆದು ತಿರುಗಾಮುರುಗಾ ಹಾಕಿರ್ತಾರೆ, ಇಲ್ಲವೇ ತೆಗೆದೇ ಇರಲ್ಲ, ಕೆಳಗೆ ಕಪ್ಪು ಬೂಸ್ಟು ಕೂತಿರುತ್ತೆ. ವಾರಕ್ಕೆರಡು ಸಲ ಬಿಡಿಸಿ, ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಸಂದಿ ಉಜ್ಜಿ, ಒಣಗಿಸಿ ಹಾಕಿ. ವಾಸನೆ ಹಿಡಿದಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಅರ್ಧ ಗಂಟೆ.

ಬಿಸಿ ಹಿಡಿಯೋ ಡಬ್ಬಿ ಕೆಲಸ ಮಾಡಲ್ಲ ಅನ್ನೋರು ಎರಡು ನೋಡಿ: ಕುದಿಯೋ ನೀರು ತುಂಬಿ ಹತ್ತು ನಿಮಿಷ ಇಟ್ಟು ಚೆಲ್ಲಿದ್ದೀರಾ, ಕತ್ತಿನ ತನಕ ತುಂಬಿದ್ದೀರಾ. ಅರ್ಧ ಖಾಲಿ ಇದ್ದರೆ ಬೇಗ ಆರುತ್ತೆ, ಬೆಚ್ಚಗಾಗಿಯೇ ಉಳಿಯೋ ಊಟ ತಣ್ಣಗಿನ ಊಟಕ್ಕಿಂತ ಬೇಗ ಕೆಡುತ್ತೆ. ಮೊಸರನ್ನ ಇದರಲ್ಲಿ ಹಾಕಬೇಡಿ, ಬೆಚ್ಚಗಿದ್ದು ವಿಪರೀತ ಹುಳಿಯಾಗುತ್ತೆ.

ಅಳತೆ: ನಾಲ್ಕನೇ ಕ್ಲಾಸಿಗೆ 500 ಮಿ.ಲೀ. ಡಬ್ಬಿ, ಒಂದನೇ ಕ್ಲಾಸಿಗೆ 350. ದೊಡ್ಡ ಡಬ್ಬಿ ಕೊಟ್ಟರೆ ತುಂಬಿಸಬೇಕು ಅನ್ನಿಸುತ್ತೆ, ಆಮೇಲೆ "ಅರ್ಧ ವಾಪಸ್ ತಂದಿದೆ" ಅನ್ನೋ ದೂರು.

ಪುಂಡಿ ಗಟ್ಟಿ (ಮಂಗಳೂರು)

ಹಬೆಯಲ್ಲಿ ಬೇಯಿಸಿದ್ದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ. ದೋಸೆ ಆರಿದರೆ ರಬ್ಬರು, ಇಡ್ಲಿ, ಪುಂಡಿ ಆರಿದರೂ ತಿನ್ನಬಹುದು. ಆದರೆ ಪುಂಡಿ ಅಂದರೆ ಬರೀ ಅಕ್ಕಿಯೇ, ಜೊತೆಗೆ ಹೆಸರುಕಾಳಿನ ಗಸಿ ಗಟ್ಟಿಯಾಗಿ ಬೇಕು. ಅದರ ಬದಲು ಹಳೇ ಮೈಸೂರು ಕಡೆಯವರ ನುಚ್ಚಿನುಂಡೆ ಮಾಡಿ, ಡಬ್ಬಿಗೆ ಹೇಳಿ ಮಾಡಿಸಿದ್ದು. ತೊಗರಿಬೇಳೆ ಒಂದು ಕಪ್ಪು ಮೂರು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು ತರಿತರಿ ರುಬ್ಬಿ. ಸಬ್ಬಸಿಗೆ ಸೊಪ್ಪು ಒಂದು ಕಪ್ಪು, ಜೀರಿಗೆ, ಶುಂಠಿ, ಉಪ್ಪು. ಮೊಟ್ಟೆಯಾಕಾರಕ್ಕೆ ಹಿಡಿದು 15 ನಿಮಿಷ ಹಬೆ. ಹದಿನಾರು ಉಂಡೆ ಬರ್ತದೆ, ನಾಲ್ಕು ತಿಂದರೆ 11 ಗ್ರಾಂ ಪ್ರೊಟೀನು. ನುಣ್ಣಗೆ ರುಬ್ಬಿದರೆ ಕಲ್ಲು. ದಪ್ಪ ಕಟ್ಟಿದರೆ ನಡುವೆ ಹಸಿ. ಬೇಯಿಸಿದ್ದನ್ನ ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು, ಬೆಳಿಗ್ಗೆ ಐದು ನಿಮಿಷ ಮತ್ತೆ ಹಬೆಗೆ.

ಮಂಜಿನೂರ ತಿಂಡಿ (ಟೊರಾಂಟೊ)

ಇಲ್ಲಿ ಬಹಳಷ್ಟು ಶಾಲೆಗಳಿಗೆ ಕಡಲೆಕಾಯಿ, ಗೋಡಂಬಿ ತರಬಾರದು. ಅಲರ್ಜಿ ಇರೋ ಮಗುವಿಗೆ ಒಂದು ಚೂರೂ ಪ್ರಾಣಾಪಾಯ, ಹಾಗಾಗಿ ಇದರಲ್ಲಿ ಚೌಕಾಸಿ ಇಲ್ಲ. ನೇರವಾಗಿ ಕಾಣೋ ಬೀಜವನ್ನ ಎಲ್ಲರೂ ತೆಗೀತಾರೆ, ಮರೆಯೋದು ಪುಡಿಗಳಲ್ಲಿ ಇರೋದನ್ನ: ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ ಮಸಾಲೆ, ಅಂಗಡಿಯ ಪುಳಿಯೋಗರೆ ಗೊಜ್ಜು. ಬದಲಿಗೆ ಹುರಿಗಡಲೆ, ಕುಂಬಳಬೀಜ, ಸೂರ್ಯಕಾಂತಿ ಬೀಜ. ಎಳ್ಳಿಗೂ ಕೆಲವು ಕಡೆ ನಿಷೇಧ ಇದೆ, ಶಾಲೆಯ ಪಟ್ಟಿ ನೋಡಿ. ಬಿಸಿ ಮಾಡೋಕೆ ಮೈಕ್ರೋವೇವ್ ಸಿಗುತ್ತೆ ಅನ್ನೋ ಭರವಸೆ ಇಟ್ಟುಕೊಳ್ಳಬೇಡಿ.

ಬುತ್ತಿಚೀಲ (ಮೈಸೂರು)

ಕಾಳು ಸೇರಿಸೋದು ಸೋಮವಾರದಿಂದಲೇ ಶುರು. ಇನ್ನು ಉಳಿದಿದ್ದು ತರಕಾರಿ. ಬಾತಿನಲ್ಲಿ ಹಾಕಿದ ಬೀನ್ಸು ಹಾಗೇ ವಾಪಸ್ ಬರುತ್ತಲ್ಲ, ಅದಕ್ಕೇನು? ಮತ್ತೆ ರಾಗಿ, ಕಬ್ಬಿಣಾಂಶದ ಬಗ್ಗೆ ಒಂದು ಮಾತು. ಸಣ್ಣವನಿಗೆ ಇಡೀ ಕಡಲೆಕಾಯಿಬೀಜ ಕೊಡಬಹುದಾ?

ಕಾಳುಕಡಿ

ಕೊನೆಯದಕ್ಕೆ ಮೊದಲು ಉತ್ತರ. ಐದು ವರ್ಷದ ಒಳಗಿನವರಿಗೆ ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತೆ. ತರಿ ಮಾಡಿ ಹಾಕಿ. ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿ. ಒಂದನೇ ಕ್ಲಾಸಿನವನಾದರೂ ಓಡಾಡ್ತಾ ತಿನ್ನೋ ಅಭ್ಯಾಸ ಇದ್ದರೆ ಇದೇ ಎಚ್ಚರ.

ಬೀನ್ಸು ವಾಪಸ್ ಬರೋದು ಹೋಳು ದೊಡ್ಡದಿರೋದರಿಂದ. ಆರಿದ ಬೀನ್ಸು ನಾರು, ಅಗಿಯೋಕೆ ಹೊತ್ತು ಹಿಡಿಯುತ್ತೆ, ಮಗುವಿಗೆ ಇರೋದೇ 25 ನಿಮಿಷ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು ತುರಿದು ಒಗ್ಗರಣೆಯಲ್ಲೇ ಎರಡು ನಿಮಿಷ ಬಾಡಿಸಿ ಅನ್ನ ಕಲಸಿ, ಆರಿಸಿ ತೆಗೆಯೋಕೆ ಸಿಗಲ್ಲ. ಒಬ್ಬರಿಗೆ 50 ಗ್ರಾಂ ಅಂದರೆ ಒಂದು ಮಧ್ಯಮ ಗಾತ್ರದ ಕ್ಯಾರೆಟ್. ಮೆಂತ್ಯ ಸೊಪ್ಪು, ನುಗ್ಗೆಸೊಪ್ಪು ಚಪಾತಿ ಹಿಟ್ಟಿಗೆ. ಸೌತೆಕಾಯಿಗೆ ಉಪ್ಪು ಹಾಕಿ ಕಳಿಸಬೇಡಿ, ನೀರು ಬಿಟ್ಟು ಡಬ್ಬಿಯೆಲ್ಲಾ ಕೆರೆ.

ರಾಗಿ 100 ಗ್ರಾಂನಲ್ಲಿ ಸುಣ್ಣದಂಶ 350 ಮಿಲಿಗ್ರಾಂ ಆಸುಪಾಸು. 7ರಿಂದ 9 ವರ್ಷದವರಿಗೆ ದಿನಕ್ಕೆ 650 ಬೇಕು, 30 ಗ್ರಾಂ ಹಿಟ್ಟಿನಿಂದ 100 ಚಿಲ್ಲರೆ ಬರುತ್ತೆ. ಸಣ್ಣ ಡಬ್ಬಿಗೆ ರಾಗಿ ಹುರಿಹಿಟ್ಟಿನ ಉಂಡೆ ಸುಲಭ: ಹುರಿಹಿಟ್ಟು ಒಂದು ಕಪ್ಪು, ಬೆಲ್ಲದ ಪುಡಿ ಅರ್ಧ ಕಪ್ಪು, ತುಪ್ಪ ಮೂರು ಟೇಬಲ್ ಚಮಚ. ಉಂಡೆ ಒಡೆದರೆ ನೀರು ಚಿಮುಕಿಸಬೇಡಿ, ಎರಡೇ ದಿನಕ್ಕೆ ಬೂಸ್ಟು ಬರುತ್ತೆ. ತುಪ್ಪ ಬಿಸಿ ಮಾಡಿ ಇನ್ನೊಂದು ಚಮಚ ಹಾಕಿ.

ಕಬ್ಬಿಣಾಂಶ ಇದೇ ವಯಸ್ಸಿಗೆ ದಿನಕ್ಕೆ 15 ಮಿಲಿಗ್ರಾಂ. ಕಾಳು, ಸೊಪ್ಪಿನಲ್ಲಿ ಇರೋ ಕಬ್ಬಿಣ ಮೈಗೆ ಹತ್ತೋದು ಕಮ್ಮಿ, ನಿಂಬೆಹುಳಿ ಅಥವಾ ಸೀಬೆಹಣ್ಣು ಜೊತೆಗಿದ್ದರೆ ಹೆಚ್ಚು ಹತ್ತುತ್ತೆ. ಉಸಲಿಗೆ ನಿಂಬೆ ಹಿಂಡೋದು ಬರೀ ರುಚಿಗಲ್ಲ. ಕಾಳನ್ನ ಮೊಳಕೆ ಕಟ್ಟಿದರೂ ಪ್ರಯೋಜನ ಇದೆ. ಹೆಸರುಕಾಳು ಎಂಟು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಹನ್ನೆರಡು ಗಂಟೆ. ಡಬ್ಬಿಗೆ ಹಾಕೋ ಮೊಳಕೆಯನ್ನ ಹಸಿಯಾಗಿ ಕಳಿಸಬೇಡಿ, ಐದು ನಿಮಿಷ ಹಬೆಯಲ್ಲಿ ಬೇಯಿಸಿಯೇ ಕಳಿಸಿ.

ಗಡಿಯಾರ ಮುಳ್ಳು

ಭಾನುವಾರದ ಕಾಳಿನ ಬಗ್ಗೆ ಗೊಣಗಿದ್ದೆ, ಅದಕ್ಕೊಂದು ಅಡ್ಡದಾರಿ. ತೊಗರಿಬೇಳೆಗೆ ದಿನಾ ಕುಕ್ಕರ್ ಇಡೋದು ಇದ್ದೇ ಇದೆ. ರಾತ್ರಿ ಅಡುಗೆಗೆ ಇಡುವಾಗ ಮೇಲಿನ ಪಾತ್ರೆಯಲ್ಲಿ ಬೆಳಿಗ್ಗೆ ನೆನೆಸಿಟ್ಟ ಒಂದು ಹಿಡಿ ಅಲಸಂದೆ ಇಟ್ಟುಬಿಡಿ. ಎರಡೂ ಒಂದೇ ಮೂರು ವಿಸಲ್ಲಿಗೆ ಬೇಯುತ್ತವೆ, ಬೇರೆ ಗ್ಯಾಸು, ಬೇರೆ ಹೊತ್ತು ಇಲ್ಲ. ಕಡಲೆಕಾಳಿಗೆ ಇದು ಆಗಲ್ಲ, ಅದು ಬೇಯೋ ಹೊತ್ತಿಗೆ ಕೆಳಗಿನ ಬೇಳೆ ತಳ ಹತ್ತುತ್ತೆ.

ಒಗ್ಗರಣೆ ಸೌಟು

ಮೂರು ವಿಸಲ್ಲಿಗೆ ಅಲಸಂದೆ ಸ್ವಲ್ಪ ಒಡೆಯುತ್ತೆ. ಮೇಲಿನ ಪಾತ್ರೆಗೆ ಕಾಳು ಮುಳುಗುವಷ್ಟೇ ನೀರು ಹಾಕಿ, ತಟ್ಟೆ ಮುಚ್ಚಿ ಇಡಿ, ಇಡಿಯಾಗಿ ಉಳಿಯುತ್ತೆ.